ಮಾರಾಟವಾಗದ ಐಸ್‌ಕ್ರೀಮು

ಇಂಗ್ಲೆಂಡಿನ ಗಣಿಯೂರು ಬಾರ್ನ್ಸ್ಲಿಯ ರಂಗಮಂದಿರದಲ್ಲಿ ನೆಲ್ಲಿ ಹೆಪ್‌ವರ್ತ್ ಇಪ್ಪತ್ತಾರು ವರ್ಷದಿಂದ ಕೊರಳಿಗೆ ತಟ್ಟೆ ನೇತುಹಾಕಿಕೊಂಡು ವಿರಾಮದಲ್ಲಿ ಐಸ್‌ಕ್ರೀಮ್ ಮಾರುತ್ತಿದ್ದಳು. ನಾಟಕ ಎಷ್ಟು ಸಪ್ಪೆಯೋ ಅವಳ ವ್ಯಾಪಾರ ಅಷ್ಟು ಜೋರು. ಬೇಸತ್ತ ಜನ ದೀಪ ಹತ್ತಿದ್ದೇ ತಡ ಎದ್ದು ಬಂದು ಸಾಲುಗಟ್ಟುತ್ತಿದ್ದರು.

ಆ ಬುಧವಾರ ಮಧ್ಯಾಹ್ನದ ಆಟಕ್ಕೆ ಲಂಡನ್ನಿನ ನಿರ್ಮಾಪಕ ಕ್ರಿಸ್ಪಿನ್ ವೇಲ್ ಬಂದಿದ್ದ. ಐವತ್ತು ವರ್ಷ ಯಾರೂ ಆಡದೆ ಮೂಲೆ ಸೇರಿದ್ದ, ಗಣಿ ಕಾರ್ಮಿಕರ ಹೆಂಡಂದಿರ ಕಥೆಯ ಸಂಗೀತ ನಾಟಕವೊಂದನ್ನು ಊರಿನವರು ಮತ್ತೆ ಆಡುತ್ತಿದ್ದರು. ಅದು ಲಂಡನ್ನಿನ ದೊಡ್ಡ ರಂಗಕ್ಕೆ ತಕ್ಕುದೇ ಎಂದು ಅವನು ತೀರ್ಮಾನಿಸಬೇಕಿತ್ತು.

ವಿರಾಮವಾಯಿತು. ಒಬ್ಬರೂ ಏಳಲಿಲ್ಲ. ನಾಟಕ ನೋಡಲು ಬಂದಿದ್ದ ಮುದುಕಿಯರೆಲ್ಲ ಕೂತಲ್ಲೇ, ಆಗತಾನೆ ಮುಗಿದ ಹಾಡನ್ನು ಮತ್ತೆ ಗುನುಗುತ್ತಿದ್ದರು.

ಕ್ರಿಸ್ಪಿನ್ ಬಾಗಿಲ ಬಳಿ ಗಲ್ಲ ಕೆರೆಯುತ್ತ, "ಇಲ್ಲಿಯವರಿಗೇನೋ ಇಷ್ಟ ಆಗಿದೆ. ಲಂಡನ್ ಜನಕ್ಕೆ ಹಿಡಿಸುತ್ತೋ ಇಲ್ವೋ," ಎಂದ.

ಅಲ್ಲೇ ನಿಂತಿದ್ದ ನೆಲ್ಲಿಗೆ ಮೈ ಉರಿಯಿತು. ಕರಗತೊಡಗಿದ್ದ ಐಸ್‌ಕ್ರೀಮಿನ ಡಬ್ಬಿಯೊಂದನ್ನು ಅವನ ಕೈಗೆ ತುರುಕಿದಳು. "ತುಂಬಿದ ತಟ್ಟೆನ ನಾನು ಹಾಗೇ ವಾಪಸ್ ತಗೊಂಡು ಹೋಗ್ತಿರೋದು ಇದೇ ಮೊದಲು ಸ್ವಾಮಿ. ಲಂಡನ್ನೋರಿಗೇನು ಕಿವಿ ಬೇರೆ ಥರ ಇರುತ್ತಾ? ತಿನ್ನಿ, ತಿಂತಾ ಯೋಚನೆ ಮಾಡಿ."

ವಸಂತದಲ್ಲಿ ನಾಟಕ ಲಂಡನ್ ಸೇರಿತು. ಮೊದಲ ಪ್ರಯೋಗಕ್ಕೆ ನೆಲ್ಲಿ ತನ್ನ ಒಳ್ಳೆಯ ಕೋಟು ತೊಟ್ಟು ಹೋದಳು. ವಿರಾಮದಲ್ಲಿ ಅಲ್ಲಿಯ ಐಸ್‌ಕ್ರೀಮ್ ಮಾರುವವನು ತುಂಬಿದ ತಟ್ಟೆ ಹೊತ್ತು ಗೋಡೆಗೊರಗಿ ನಿಂತು, "ಏನಾಗಿದೆ ಈ ಜನಕ್ಕೆ ಇವತ್ತು," ಎಂದು ಗೊಣಗುತ್ತಿದ್ದ.

ನೆಲ್ಲಿಗೆ ಐಸ್‌ಕ್ರೀಮ್ ಎಂದರೆ ಪ್ರಾಣ. ಆದರೂ ಅವಳು ಜಂಬದಿಂದ ಕೈಕಟ್ಟಿಕೊಂಡು ಕೂತೇ ಇದ್ದಳು.