ಉದ್ದನ್ ಕಾರಿನ ಹಿಂದಿನ ಗಾಜು

ಶಿಕಾರಿಪುರದ ಬೀದಿಯಲ್ಲಿ ಕಾರಿನ ಸದ್ದು ಕೇಳಿದರೆ ಉಣ್ಣುವವರೂ ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನೋಡುತ್ತಿದ್ದ ಕಾಲ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಒಂಬತ್ತು ವರ್ಷ. ಅಪ್ಪನಿಗೆ ಅಕ್ಕಿ ಗಿರಣಿ ಇತ್ತು. ನಮ್ಮ ಮನೆಯ ಹಾಸಿಗೆಗೂ ತೌಡಿನ ವಾಸನೆ. ತಮ್ಮ ದೇಶಕ್ಕೆ ಹೊರಟಿದ್ದ ಪರದೇಶದ ಇಂಜಿನಿಯರ್ ಒಬ್ಬರಿಂದ ಅಪ್ಪ ಒಂದು ಕಾರು ಕೊಂಡು ತಂದರು. ನೋಡಿದವರೆಲ್ಲ ಅದನ್ನು ಉದ್ದನ್ ಕಾರು ಎಂದರು, ಅದೇ ಹೆಸರು ನಿಂತಿತು.

ಅದರ ಹಿಂದಿನ ಗಾಜೇ ಒಂದು ಬೆರಗು. ಮುಂದೆ ಕೂತು ಗುಂಡಿ ಒತ್ತಿದರೆ ಕರೆಂಟಿನಿಂದ ತಾನೇ ಇಳಿದು ಹಿಂದಿನ ಬಾಗಿಲಿನ ಹೊಟ್ಟೆಯೊಳಗೆ ಸೇರಿಕೊಳ್ಳುತ್ತಿತ್ತು. ಹೊರಗಿನಿಂದ ಕೀಲಿ ತಿರುಗಿಸಿದರೂ ಇಳಿಯುತ್ತಿತ್ತು. ಆಮೇಲೆ ಆ ಬಾಗಿಲನ್ನು ಹಲಗೆಯ ಹಾಗೆ ಹಿಂದಕ್ಕೆ ಮಲಗಿಸಬಹುದಿತ್ತು. ಅಪ್ಪನಿಗೆ ಅದು ಹೊಸ ಜಗಲಿಯಾಯಿತು. ದಿನವೂ ಸಂಜೆ ಗಿರಣಿಯ ಮುಂದೆ ಬಾಗಿಲು ಮಲಗಿಸಿ, ಅದರ ಮೇಲೆ ಇಬ್ಬರು ಗೆಳೆಯರನ್ನು ಅಕ್ಕಪಕ್ಕ ಕೂರಿಸಿಕೊಂಡು, ಕಾಲಾಡಿಸುತ್ತಾ ಎಲೆಅಡಿಕೆ ಮೆಲ್ಲುತ್ತಿದ್ದರು. ಮೂವರೂ ಒಳ್ಳೆಯ ತೂಕದ ಮನುಷ್ಯರು.

ಡ್ರೈವರ್ ಹನುಮಂತಪ್ಪ ನಮ್ಮ ಪಾಲಿನ ದೇವರು. ಶಾಲೆ ಬಿಟ್ಟೊಡನೆ ಕೇರಿಯ ಮಕ್ಕಳನ್ನೆಲ್ಲ ಕಟ್ಟಿಕೊಂಡು ಹೋಗಿ ನಾನು ಗೋಗರೆಯುತ್ತಿದ್ದೆ.

“ಹನುಮಂತಣ್ಣ, ಒಂದೇ ಒಂದ್ಸಲ.”

“ಸಾವ್ಕಾರ್ರು ನೋಡಿದ್ರ ನನ್ ಚರ್ಮ ಸುಲೀತಾರ, ತಂಗಿ,” ಎನ್ನುತ್ತಲೇ ಗುಂಡಿ ಒತ್ತುತ್ತಿದ್ದ. ಏರಿಳಿಯುವ ಗಾಜಿಗೆ ನಾವು ಮೂಗು ಒತ್ತುತ್ತಿದ್ದೆವು. ಖಾರ ಮಂಡಕ್ಕಿ ತಿಂದ ಕೈಗಳ ಎಣ್ಣೆ ಗುರುತನ್ನು ಅವನು ಅಪ್ಪ ಬರುವುದರೊಳಗೆ ಒರೆಸಿಬಿಡುತ್ತಿದ್ದ.

ಆ ವರ್ಷ ಆಯುಧ ಪೂಜೆಯ ದಿನ ಅಮ್ಮ ಗಂಧದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಗಿರಣಿಯ ಮೋಟಾರು, ತಕ್ಕಡಿ, ಈಳಿಗೆ, ಹೊಲಿಗೆ ಯಂತ್ರ, ಯಾವುದನ್ನೂ ಬಿಡಲಿಲ್ಲ. ಕಾರಿಗೆ ಬಂದಾಗ ನನ್ನ ಭಕ್ತಿ ಉಕ್ಕಿತು. ಹಿಂದಿನ ಬಾಗಿಲಿನ ಕೀಲಿ ಕಿಂಡಿಯೊಳಕ್ಕೆ ಗಂಧವನ್ನು ಬೆರಳಿನಿಂದ ಒತ್ತಿ ಒತ್ತಿ ತುಂಬಿ, ಮೇಲೊಂದು ಕುಂಕುಮದ ಬೊಟ್ಟಿಟ್ಟೆ.

ನಾಲ್ಕು ದಿನ ಕಳೆದಿರಬೇಕು. ಇಳಿದ ಗಾಜು ಏರಲಿಲ್ಲ. ಗುಂಡಿ ಒತ್ತಿದರೂ ಸದ್ದಿಲ್ಲ. ತೊಗರ್ಸಿಗೆ ಹೋಗಿ ಬಂದ ಅಪ್ಪ ಹಿಂದಿನಿಂದ ನುಗ್ಗಿದ ಧೂಳಿನಲ್ಲಿ ಮಿಂದು ಇಳಿದರು. ಮಕ್ಕಳ ಆಟದ ಸುದ್ದಿಯನ್ನು ಯಾರೋ ಅವರ ಕಿವಿಗೆ ಹಾಕಿದ್ದರು.

“ನಿನಗ ಕಾರು ಕೊಟ್ಟಿದ್ದು ಓಡ್ಸಾಕ, ಹುಡುಗರನ್ನ ಆಡ್ಸಾಕಲ್ಲ,” ಎಂದರು ಹನುಮಂತಪ್ಪನಿಗೆ. “ಸೊರಬದಿಂದ ಗಣಪಯ್ಯನ್ನ ಕರೆಸೀನಿ. ನಿನ್ನಿಂದ ಕೆಟ್ಟೈತಿ ಅಂತ ಆದ್ರ ನಾಳಿಂದ ಬರಬ್ಯಾಡ.”

ಹನುಮಂತಪ್ಪನ ಹೆಂಡತಿಗೆ ಆಗ ಏಳು ತಿಂಗಳು. ಕೀಲಿ ಕಿಂಡಿಗೆ ಗಂಧ ತುಂಬಿದ್ದು ನೆನಪಾಗಿ ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಗಣಪಯ್ಯ ಬಂದರು. ರೇಡಿಯೊ, ಬ್ಯಾಟರಿ, ಬಸ್ಸಿನ ದೀಪ, ಏನೇ ಕೆಟ್ಟರೂ ಎರಡು ತಾಲ್ಲೂಕಿಗೆ ಅವರೇ ವೈದ್ಯರು. ಚೀಲದಿಂದ ಎರಡು ವೈರು ಕಟ್ಟಿದ ಪುಟ್ಟ ಬಲ್ಬು ತೆಗೆದರು.

“ಕರೆಂಟು ಎಲ್ಲಿವರೆಗೆ ಬಂದಿದೆ ಅಂತ ಇದು ಹೇಳ್ತದೆ, ಮಾರಾಯ್ರೆ. ಸುಮ್ನೆ ಎಲ್ಲಾ ಬಿಚ್ಚೋದು ಬ್ಯಾಡ.”

ಒಂದು ವೈರನ್ನು ಕಾರಿನ ತಗಡಿಗೆ ಸಿಕ್ಕಿಸಿ ಇನ್ನೊಂದನ್ನು ಮುಟ್ಟಿಸುತ್ತಾ ಹೊರಟರು. ಬ್ಯಾಟರಿಯಲ್ಲಿ ಬಲ್ಬು ಹೊತ್ತಿತು. ಫ್ಯೂಸಿನಲ್ಲಿ ಹೊತ್ತಿತು. ಹನುಮಂತಪ್ಪನಿಂದ ಗುಂಡಿ ಒತ್ತಿಸಿದರು, ಅಲ್ಲೂ ಹೊತ್ತಿತು. ಬಲ್ಬು ಮುಂದಿನಿಂದ ಹಿಂದಕ್ಕೆ, ನಾನು ಗಂಧ ತುಂಬಿದ ಕಡೆಗೇ ಬರುತ್ತಿತ್ತು. ಕೊನೆಗೆ ಬಾಗಿಲು ಮಲಗಿಸಿ, ಒಳಗಿನ ತಗಡು ಬಿಚ್ಚಿ, ಕೀಲಿ ಕಿಂಡಿಯ ಹಿಂದಿನ ವೈರಿಗೆ ಮುಟ್ಟಿಸಿದರು. ಹೊತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. “ನಾನೇ ಗಂಧ ತುಂಬಿದ್ದು. ಹನುಮಂತಣ್ಣ ಏನೂ ಮಾಡಿಲ್ಲ,” ಎಂದು ಅತ್ತುಬಿಟ್ಟೆ.

ಗಣಪಯ್ಯ ಕಿಂಡಿಗೆ ಕಡ್ಡಿ ಹಾಕಿ, ಒಣಗಿದ ಗಂಧ ಕೆರೆದು ಮೂಸಿ ನಕ್ಕರು. “ಪೂಜೆ ಗಟ್ಟಿಯಾಗೇ ಆಗಿದೆ. ಆದ್ರೆ ಅಳಬೇಡ ಕೂಸೆ. ಇಲ್ಲಿಗೆ ಬಂದ ಕರೆಂಟು ಮುಂದೆ ಹೋಗದಿದ್ರೆ ನಿನ್ನ ತಪ್ಪು. ಇಲ್ಲಿಗೆ ಬಂದೇ ಇಲ್ಲಲ್ಲ.”

ಬಲ್ಬನ್ನು ಬಂದ ದಾರಿಯಲ್ಲೇ ಮರಳಿ ಒಯ್ದರು. ಬಾಗಿಲು ಕಾರಿಗೆ ಸೇರುವ ತಿರುಗಣೆಯ ಬಳಿ ಕಾರಿನ ಕಡೆ ಹೊತ್ತಿತು, ಬಾಗಿಲಿನ ಕಡೆ ಹೊತ್ತಲಿಲ್ಲ. ಅಲ್ಲಿದ್ದ ರಬ್ಬರು ಸರಿಸಿದಾಗ ಕಂಡಿತು: ಮಡಚಿ ಮಡಚಿ ವೈರು ತುಂಡಾಗಿ, ತಾಮ್ರದ ಎಳೆಗಳು ಹೊರಗೆ ಬಂದಿದ್ದವು.

“ಗಾಜು ಏರಿಸಿ ಇಳಿಸಿದ್ದಕ್ಕೆ ಹಿಂಗಾಗಲ್ಲ. ಬಾಗಿಲು ಮಲಗಿಸಿ ಎಬ್ಬಿಸಿ ಮಾಡಿದ್ದಕ್ಕೆ ಆಗಿದ್ದು, ಮೇಲೆ ಭಾರ ಬೇರೆ. ಇದನ್ನ ದಿನಾ ಯಾರು ಮಲಗಿಸೋದು?”

ಅಂಗಳದಲ್ಲಿದ್ದವರಿಗೆಲ್ಲ ಉತ್ತರ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಹನುಮಂತಪ್ಪ ಬಿಚ್ಚಿಟ್ಟ ತಿರುಪುಗಳನ್ನು ಒಂದೊಂದಾಗಿ ಒರೆಸತೊಡಗಿದ. ಅಪ್ಪನ ಬಾಯಿ ತುಂಬ ಎಲೆಅಡಿಕೆ. ಅವರು ಗಿರಣಿಯ ಹಿಂದಕ್ಕೆ ಹೊರಟುಹೋದರು. ಜಾರಿಕೊಂಡರು ಎಂದು ನನಗೆ ಅಪ್ಪನ ಮೇಲೇ ಸಿಟ್ಟು ಬಂತು. ಆದರೆ ಅವರು ಉಗುಳಿ, ಬಾಯಿ ಮುಕ್ಕಳಿಸಿ, ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಾ ಮರಳಿ ಬಂದರು. ಹನುಮಂತಪ್ಪನ ಎದುರಿಗೇ ನಿಂತರು.

“ತಪ್ಪು ನಂದು, ಹನುಮಂತ,” ಎಂದರು. ಗಿರಣಿಯ ಆಳುಗಳೆಲ್ಲ ಕೇಳುತ್ತಿದ್ದರು.

“ಇರ್ಲಿ ಬಿಡ್ರಿ ಸಾವ್ಕಾರ್ರೆ,” ಎಂದ ಹನುಮಂತಪ್ಪ. ಗಣಪಯ್ಯ ವೈರು ಬೆಸೆದು ಗುಂಡಿ ಒತ್ತಿಸಿದರು, ಗಾಜು ಗುಂಯ್ ಎಂದು ಏರಿತು. ಅಪ್ಪ ನನ್ನ ತಲೆ ಸವರಿ, ಎಲ್ಲರಿಗೂ ಅವಲಕ್ಕಿ ಕಾಫಿ ಮಾಡಲು ಅಮ್ಮನಿಗೆ ಹೇಳಿಕಳಿಸಿದರು. ಅಷ್ಟು ಹಗುರಾದ ಬೆಳಗು ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ.

ಈಗ ಎಲ್ಲ ಕಾರಿನ ಗಾಜೂ ಗುಂಡಿಯಿಂದಲೇ ಏರುತ್ತದೆ, ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಯಂತ್ರವೇ ಬರೆದು ತೋರಿಸುತ್ತದೆ. ಅದಕ್ಕೆ ನನಗೇನೂ ಬೇಸರವಿಲ್ಲ. ಬೇಸರ ನನ್ನ ಮೇಲೆಯೇ. ಮೊನ್ನೆ ಕನ್ನಡಕ ಕಾಣದೆ ಕೆಲಸದ ಸಾವಿತ್ರಿಯನ್ನು ಬಾಯಿಗೆ ಬಂದಂತೆ ಬೈದೆ. ಅದು ನನ್ನ ದಿಂಬಿನ ಕೆಳಗೇ ಇತ್ತು. “ಸಿಕ್ತು” ಎಂದಷ್ಟೇ ಹೇಳಿ ಹಾಕಿಕೊಂಡೆ. ಅವಳು, ನಾನು ಇನ್ನೇನೋ ಹೇಳಲಿದ್ದೇನೆ ಎಂಬಂತೆ, ಸ್ವಲ್ಪ ಹೊತ್ತು ನಿಂತಿದ್ದು, ಪಾತ್ರೆ ತೊಳೆಯಲು ಹೋದಳು.