ಪಿಯಾನೊ ಮಾವನ ಕಿವಿಗೆ ಕ್ಯಾಪ್ಚಾ

ಬೀದಿಯವರೆಲ್ಲ ಅವರನ್ನು ಪಿಯಾನೊ ಮಾವ ಎನ್ನುತ್ತಿದ್ದರು. ಹುಟ್ಟಿನಿಂದ ಎರಡೂ ಕಣ್ಣು ಕಾಣದು. ಆದರೆ ಕಿವಿ? ಅಬ್ಬಬ್ಬಾ! ಪಕ್ಕದ ಕೋಣೆಯ ಪಿಯಾನೊದಲ್ಲಿ ಒಂದು ತಂತಿ ಕೂದಲೆಳೆಯಷ್ಟು ಇಳಿದಿದ್ದರೂ ಹುಬ್ಬು ಗಂಟಿಕ್ಕುತ್ತಿದ್ದರು. ಸಂಗೀತ ಶಾಲೆಯ ಹದಿನೆಂಟು ಪಿಯಾನೊಗಳ ಶ್ರುತಿ ಕೂಡಿಸುವುದು ಇಪ್ಪತ್ತೆರಡು ವರ್ಷದಿಂದ ಅವರದೇ ಕೆಲಸ, ಹೊಟ್ಟೆಪಾಡು.

ಹುಡುಗನಾಗಿದ್ದಾಗಿನಿಂದ ಅವರಿಗೆ ಬಂದ ಕಾಗದವನ್ನೆಲ್ಲ ಯಾರಾದರೂ ಓದಿ ಹೇಳಬೇಕಿತ್ತು. ಮದುವೆಗೆ ಮುಂಚೆ ಹೆಂಡತಿ ಬರೆದ ಪತ್ರವನ್ನೂ ಅಣ್ಣನೇ ಓದಿದ್ದ, ಗಂಟಲು ಸರಿಮಾಡಿಕೊಂಡು! ಅದನ್ನಾದರೂ ಸಹಿಸಬಹುದು. ಶಾಲೆಯ ಕೆಲಸ ಮುಂದುವರಿಯಲು ವರ್ಷವರ್ಷವೂ ಹಾಕಬೇಕಾದ ಅರ್ಜಿಯನ್ನು ಹೋದ ವರ್ಷ ತುಂಬಿಕೊಟ್ಟ ಪಕ್ಕದ ಮನೆಯವನು ಅದರ ಜೊತೆಗಿಡುವ ವೈದ್ಯರ ಪತ್ರ ಓದಿ ಊರಿಗೆಲ್ಲ ಟಾಂ ಟಾಂ ಹೊಡೆದ. ಎಂದೋ ಒಮ್ಮೆ ಬಂದಿದ್ದ ಮೂರ್ಛೆಯ ಸುದ್ದಿ ಕೇಳಿ ಮೂರು ಮನೆಯವರು ತಮ್ಮ ಪಿಯಾನೊ ಶ್ರುತಿ ಮಾಡಲು ಮಾವನನ್ನು ಕರೆಯುವುದನ್ನೇ ಬಿಟ್ಟರು.

ಈ ವರ್ಷದ ಅರ್ಜಿಗೆ ಇಂದೇ ಕೊನೆ, ಸಂಜೆ ಐದರೊಳಗೆ, ಅದೂ ಆನ್‌ಲೈನಿನಲ್ಲಿ ಮಾತ್ರ. ಏನಾದರಾಗಲಿ, ತಾವೇ ತುಂಬುವುದೆಂದು ಮಾವ ಕದ ಹಾಕಿಕೊಂಡು ಕೂತರು. ಪರದೆಯ ಮೇಲಿದ್ದುದನ್ನು ಕಂಪ್ಯೂಟರ್ ಓದಿ ಹೇಳುತ್ತಿತ್ತು. ಎಲ್ಲ ಸಲೀಸಾಗಿ ಆಯಿತು. ಕೊನೆಗೆ ಬಂತು ನೋಡಿ ಆ ಹಾಳು ಕ್ಯಾಪ್ಚಾ! ನೀವು ಮನುಷ್ಯರೆಂದು ತೋರಿಸಲು ಬಸ್ಸಿರುವ ಚಿತ್ರಗಳನ್ನು ಆರಿಸಿ, ಎಂದಿತು. ಕಣ್ಣಿಲ್ಲದವರಿಗೆ ಎಲ್ಲಿಯ ಬಸ್ಸು?

ಬದಲಿಗೆ ಧ್ವನಿಯ ಗುಂಡಿ ಒತ್ತಿದರು. ಗರಗರ ಸದ್ದಿನ ನಡುವೆ ಒಬ್ಬ ಹೆಂಗಸು ಐದು ಅಂಕಿ ಹೇಳಿದಳು. ಅವಳ ಹಿಂದೆ ಇನ್ನೊಂದು ಸಣ್ಣ ದನಿ ಬೇರೆ ಅಂಕಿಗಳನ್ನು ಗೊಣಗುತ್ತಿತ್ತು. ಬೇರೆಯವರಿಗೆ ಅದು ಬರೀ ಗದ್ದಲ, ಮಾವನ ಕಿವಿಗೆ ಸ್ಪಷ್ಟ. ಪಾಪ, ಯಾವುದು ಬೇಕೋ ತಿಳಿಯದೆ ಕೇಳಿಸಿದ್ದನ್ನೆಲ್ಲ ಬರೆದರು. ತಪ್ಪು. ಮತ್ತೆ ಬರೆದರು, ಮತ್ತೆ ತಪ್ಪು.

"ಥೂ, ಇನ್ನೇನು ಕೇಳಿಸ್ಕೊಬೇಕು ನಾನು!" ಎಂದು ಕೂಗಿದರು. ಗಂಟೆ ಆಗಲೇ ನಾಲ್ಕೂ ಮುಕ್ಕಾಲು.

ಕೂಗು ಕೇಳಿ ಪಕ್ಕದ ಮನೆಯವನು ಕದ ತಟ್ಟಿದ. "ಏನ್ ಮಾವ, ಕಷ್ಟ ಆಗ್ತಿದ್ಯಾ? ನಾನ್ ಬಂದು ಒತ್ತಿ ಕೊಡ್ಲಾ?"

ಕದ ತೆರೆದರೆ ಕೆಲಸ ಉಳಿಯುತ್ತದೆ, ಆದರೆ ಗುಟ್ಟು ಮತ್ತೆ ಬೀದಿಪಾಲು. "ಬೇಡಪ್ಪಾ, ನಿಂಗ್ಯಾಕೆ ತೊಂದ್ರೆ," ಎಂದರು. ಅಳುವೇ ಬಂದಿತ್ತು.

ಸುಮ್ಮನಿರಲಾರದೆ ಕೈ ಉಪಕರಣದ ಚೀಲವನ್ನು ತಡಕಿತು. ಪಿಯಾನೊದ ಹೆಚ್ಚಿನ ಸ್ವರಗಳಿಗೆ ತಲಾ ಮೂರು ತಂತಿಗಳಿರುತ್ತವೆ. ಒಂದನ್ನು ಸರಿಮಾಡುವಾಗ ಉಳಿದೆರಡರ ಸದ್ದಡಗಿಸಲು ದಪ್ಪ ಉಣ್ಣೆಬಟ್ಟೆ ಸಿಕ್ಕಿಸುವುದು ಅವರಿಗೆ ದಿನನಿತ್ಯದ ಮಾತು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಎಂದುಕೊಂಡರು. ಆ ಬಟ್ಟೆಯನ್ನೇ ಮಡಿಚಿ ಸ್ಪೀಕರಿನ ಮೇಲೆ ಒತ್ತಿ ಹಿಡಿದು ಧ್ವನಿಯ ಗುಂಡಿಯನ್ನು ಮತ್ತೆ ಒತ್ತಿದರು. ಗೊಣಗುವ ದನಿ ಅಡಗಿತು. ಉಳಿದವಳು ಒಬ್ಬಳೇ. ಏಳು, ಎರಡು, ಎರಡು, ಒಂಬತ್ತು, ನಾಲ್ಕು. ಅಷ್ಟನ್ನೇ ಬರೆದರು.

"ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ," ಎಂದಿತು ಕಂಪ್ಯೂಟರ್.

ಮಾವ ಕುರ್ಚಿಗೊರಗಿ ಉಸ್ಸಪ್ಪಾ ಎಂದರು. ಆಮೇಲೆ ಎದ್ದು ಹೋಗಿ ಕದವನ್ನು ಪೂರ್ತಿ ತೆರೆದರು. ಪಕ್ಕದ ಮನೆಯವನು ಇನ್ನೂ ಅಲ್ಲೇ ನಿಂತಿದ್ದ.

"ಆಯ್ತಾ ಮಾವ? ಏನೇನ್ ಬರೆದ್ರಿ?"

"ಅದು ನನ್ನ ವಿಷಯ ಕಣಪ್ಪಾ," ಎಂದರು ಮಾವ. ಐವತ್ತೆಂಟು ವರ್ಷದಲ್ಲಿ ಈ ಮಾತು ಹೇಳಲು ಸಿಕ್ಕಿದ್ದು ಇದೇ ಮೊದಲು. ಎಷ್ಟು ಹಿತವೆನಿಸಿತೆಂದರೆ, ಅವನು ಕೇಳದಿದ್ದರೂ ಇನ್ನೊಮ್ಮೆ ಹೇಳಿದರು.