ಅವ್ವನ ಬದನೆಯ ಬೀಜ

ಈ ಬೇಸಿಗೆಯ ಕೊನೆಗೆ ಮಿರಜಿನ ನಮ್ಮ ಹಿತ್ತಲಿನಲ್ಲಿ ಉಳಿದದ್ದು ಒಂದೇ ಬದನೆ ಗಿಡ. ಹಾಳಾದ ಬಿಸಿಲಿಗೆ ಟೊಮೆಟೊ ಸಾಲು ಹೋಗಿಯೇಬಿಟ್ಟಿತ್ತು, ಪೇರಲದ ಎಲೆಯೂ ಮುದುರಿತ್ತು. ನಳದ ನೀರು ದಿನ ಬಿಟ್ಟು ದಿನ. ಅಕ್ಕಿ ಬೇಳೆ ತೊಳೆದ ನೀರನ್ನೆಲ್ಲ ಆ ಗಿಡಕ್ಕೇ ಸುರಿದೆ. ಅದು ತೀರಿಹೋದ ಅವ್ವನ ಬೀಜದ ಗಿಡ. ಡಬ್ಬಿಯಲ್ಲಿದ್ದ ಬೀಜವೆಲ್ಲ ಬಿತ್ತಿ ಮುಗಿದಿತ್ತು.

ಬೀಜಕ್ಕೆ ಬಿಡುವ ಕಾಯಿಯ ತೊಟ್ಟಿಗೆ ಅವ್ವ ಹಳೆ ಸೀರೆಯ ಚಿಂದಿ ಕಟ್ಟುತ್ತಿದ್ದಳು. ಆ ಕಾಯಿ ಹಳದಿಯಾಗಿ ಮೆತ್ತಗಾಗುವವರೆಗೂ ಯಾರೂ ಮುಟ್ಟುತ್ತಿರಲಿಲ್ಲ. ನಾನೂ ಇದ್ದುದರಲ್ಲಿ ದೊಡ್ಡ ಕಾಯಿಗೆ ಕೆಂಪು ಚಿಂದಿ ಕಟ್ಟಿ, ಅವ್ವನ ತಂಗಿ, ಮಾಧವನಗರದ ಮಾವಶಿಯನ್ನು ನೋಡಲು ಹೋದೆ. ಸಂಜೆ ಹಸಿದು ಬಂದರೆ ನಮ್ಮ ಮನೆಯವರು ರೊಟ್ಟಿಗೆ ಸುಟ್ಟ ಬದನೆಯ ಭರೀತ ಮಾಡಿಟ್ಟಿದ್ದರು. ಎರಡು ಸಲ ಹಾಕಿಸಿಕೊಂಡೆ. "ಏನ್ ರುಚಿ ಆಗೇದರಿ!" ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ನಮ್ಮ ಗಿಡದ್ದ ಅಲ್ಲೇನು?" ಎಂದರು ಹೆಮ್ಮೆಯಿಂದ.

"ಅಯ್ಯೋ, ಚಿಂದಿ ಕಟ್ಟಿದ್ನಲ್ರೀ ಅದಕ್ಕ!"

"ದೃಷ್ಟಿ ಆಗಬಾರದಂತ ಕಟ್ಟಿದ್ದಿ ಅಂದ್ಕೊಂಡೆ."

ಇಷ್ಟು ವರ್ಷ ಸಂಸಾರ ಮಾಡಿಯೂ ಚಿಂದಿ ಯಾತಕ್ಕೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಗಂಟಲು ಹರಿಯುವಂತೆ ಕೂಗಾಡಿದೆ. ಅವರು ಕಿಟಕಿಯಲ್ಲಿಟ್ಟಿದ್ದ ಚಿಂದಿಯನ್ನು ತಂದು ನನ್ನ ಕೈಗೆ ಕೊಟ್ಟರು. ಇನ್ನೊಂದು ಕಾಯಿ ಕಟ್ಟೀತೆಂದು ಕಾದೆ. ಹೂವೆಲ್ಲ ಉದುರಿ ಗಿಡವೂ ಒಣಗಿತು.

ಆದರೆ ನನ್ನ ಸಿಟ್ಟೆಲ್ಲ ಅವರ ಮೇಲಲ್ಲ, ನನ್ನ ಮೇಲೆಯೇ. ಹೋದ ವರ್ಷ ಮ್ಹೈಸಾಳದ ತಂಗಿ ಬಾಯಿಬಿಟ್ಟು ಈ ಬೀಜ ಕೇಳಿದ್ದಳು. ಅವ್ವ ಕೊನೆಯುಸಿರೆಳೆದದ್ದು ಅವಳ ಮನೆಯಲ್ಲಿ, ಅವಳ ತೊಡೆಯ ಮೇಲೆ. ಅವ್ವನ ಕೊನೆಯ ದಿನಗಳೆಲ್ಲ ಅವಳ ಪಾಲಾದವು, ಬೀಜವಾದರೂ ನನಗೊಬ್ಬಳಿಗೇ ಇರಲಿ ಎನ್ನಿಸಿತು. ಪೇಟೆಯಿಂದ ತಂದ ಪೊಟ್ಟಣದ ಬೀಜಕ್ಕೆ ಒಲೆಯ ಬೂದಿ ಬೆರೆಸಿ, ಅವ್ವ ಕಟ್ಟುತ್ತಿದ್ದಂತೆಯೇ ಕಾಗದದಲ್ಲಿ ಕಟ್ಟಿ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಗಿಡ ಒಣಗಿದ ವಾರದಲ್ಲೇ ಅವಳ ಫೋನು.

"ಅಕ್ಕಾ, ಗಿಡ ಹೋತಂತ ಅಳಾಕತ್ತೀಯಂತ. ಯಾಕ ಅಳತೀ? ನಾ ಅವ್ವನಂಗ ಚಿಂದಿ ಕಟ್ಟಿ ಬೀಜ ಹಿಡದೇನಿ. ಅದ ರುಚಿ ನೋಡು, ಥೇಟ್ ಅವ್ವನ ಬದನಿ! ಕಳಸ್ಲೇನು?"

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಕಳಸವ್ವಾ" ಎಂದೆ.

ಮಳೆ ಬಿದ್ದಮೇಲೆ ಬಿತ್ತಿದೆ, ಎಲ್ಲವೂ ಹುಟ್ಟಿವೆ. ಕಾಯಿ ಬಂದಾಗ ಅವಳು ಉಣ್ಣಲು ಬರುತ್ತಾಳಂತೆ. ಅವಳೆದುರು ಕುಳಿತು ನಾನೂ ಅವ್ವನ ರುಚಿಯೆಂದು ಹೊಗಳಬೇಕು.